ಜನ ಕಡಿಮೆ ಇದ್ದ ವಿಭಾಗ

ಮೊನ್ನೆ ಶಿರಸಿಯ ಪೆಟ್ರೋಲ್ ಬಂಕಿನಲ್ಲಿ ಪಕ್ಕದ ಲಾರಿಗೆ ಹಾಕುತ್ತಿದ್ದ ಪೈಪಿನಿಂದ ನಾಲ್ಕು ಹನಿ ಡೀಸೆಲ್ ಸಿಡಿದು ನನ್ನ ಪಂಚೆಗೆ ಬಿತ್ತು. ಮದುವೆಗೆಂದು ಉಟ್ಟಿದ್ದ ಬಿಳಿ ಪಂಚೆ. ಸಿಟ್ಟು ಬರಬೇಕಿತ್ತು, ನಗು ಬಂತು. ಊಟದ ಪಂಕ್ತಿಯಲ್ಲಿ ಎಡಗಡೆ ಕೂತವರು ಎರಡೆರಡು ಸಲ ಮೂಗು ಉಜ್ಜಿಕೊಂಡು ನನ್ನ ಕಡೆ ನೋಡಿದರು. ನಾನೊಬ್ಬ ಮಾಜಿ ರೇಸುಗಾರ, ಈ ವಾಸನೆ ನನಗೆ ಹೊಸದಲ್ಲ ಎಂದು ಈ ಸಲ ಅವರಿಗೆ ಹೇಳಲು ಯಾಕೋ ಮನಸ್ಸಾಗಲಿಲ್ಲ. ನಿಮಗೆ ಹೇಳುತ್ತೇನೆ.

ನಗುವುದಾದರೆ ನಕ್ಕುಬಿಡಿ. ದಪ್ಪ ಕನ್ನಡಕ, ಅದಕ್ಕೂ ದಪ್ಪ ಹೊಟ್ಟೆ, ಶಾಲೆಯ ಮಕ್ಕಳಿಗೆ ಪಟ್ಟಿ, ಪುಸ್ತಕ ಮಾರುವ ಅಂಗಡಿ, ಇಷ್ಟೇ ನನ್ನ ಆಸ್ತಿ. ಅಂಥವನು ಕಾರು ರೇಸಿಗೆ ಇಳಿದದ್ದು ತೊಂಬತ್ತರ ದಶಕ ಮುಗಿಯುತ್ತಾ ಬಂದಾಗ. ಊರಿನ ನಾಲ್ಕು ಉತ್ಸಾಹಿಗಳು ಸೇರಿ ಶಿರಸಿ, ಸಿದ್ದಾಪುರ, ಯಲ್ಲಾಪುರ ಸುತ್ತಿ ಬರುವ ಒಂದು ಹವ್ಯಾಸಿ ರ‍್ಯಾಲಿ ಇಟ್ಟರು. ಅವರು ಊರಿಗೆಲ್ಲ ಹಂಚಿದ ಚೀಟಿಯಲ್ಲಿ ‘ರ‍್ಯಾಲಿ’ ಎಂದೇ ಇತ್ತು. ಊರವರು ಮಾತ್ರ ‘ರೇಸು’ ಎಂದರು. ಎರಡಕ್ಕೂ ವ್ಯತ್ಯಾಸವಿದೆ ಎಂಬುದು ಚೀಟಿಯ ಹಿಂಬದಿಯಲ್ಲಿ ಸ್ಪಷ್ಟವಾಗಿ ಅಚ್ಚಾಗಿತ್ತು. ಚೀಟಿಯ ಹಿಂಬದಿ ಓದುವ ಅಭ್ಯಾಸ ನಮ್ಮ ಕಡೆಯ ಗಂಡಸರಿಗೆ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಓದಿದವಳು ವತ್ಸಲಾ, ನನ್ನ ಹೆಂಡತಿ. ಪ್ರಾಥಮಿಕ ಶಾಲೆಯ ಟೀಚರು. ಅಡುಗೆಮನೆಯ ಕಿಟಕಿಯ ಬೆಳಕಿಗೆ ಹಿಡಿದು ಪೂರ್ತಿ ಓದಿ ಹೇಳಿದಳು: "ಬೇಗ ಹೋಪದಲ್ಲ ಇದು. ಹೇಳಿದ ಹೊತ್ತಿಗೆ ಸರಿಯಾಗಿ ಹೋಪದು. ತಡವಾದ್ರೂ ಅಂಕ ಕಳೀತ, ಬೇಗ ಹೋದ್ರೂ ಕಳೀತ."

"ಬೇಗ ಹೋದ್ರೆ ಯಾರಾದ್ರೂ ಅಂಕ ಕಳೀತ್ವ?" ಎಂದು ನಾನು ನಕ್ಕೆ. ಹೆಂಗಸರಿಗೆ ರೇಸು ತಿಳಿಯುವುದಿಲ್ಲ ಎಂಬ ಭಾವನೆ ಆ ನಗುವಿನಲ್ಲಿತ್ತು. ನನಗೆ ಎಷ್ಟು ತಿಳಿಯುತ್ತದೆ ಎಂಬ ಪ್ರಶ್ನೆ ಆಗ ಏಳಲೇ ಇಲ್ಲ.

ಆಗ ನಮ್ಮಲ್ಲಿ ಎಂಟುನೂರು ಸಿಸಿಯ ಒಂದು ಬಿಳೀ ಪುಟ್ಟ ಕಾರಿತ್ತು. ಊರಲ್ಲೆಲ್ಲ ಅದಕ್ಕೆ ‘ಎಂಟುನೂರು’ ಎಂದೇ ಹೆಸರು. ಕಾರು ಕೊಂಡವನು ನಾನು, ಕಲಿತವಳು ವತ್ಸಲಾ. ಭಾನುವಾರ ಮಾರ್ಕೆಟ್ ಯಾರ್ಡಿನಲ್ಲಿ ವ್ಯಾಪಾರ ಇಲ್ಲದಾಗ ಇಬ್ಬರೂ ಒಟ್ಟಿಗೇ ಅಭ್ಯಾಸ ಶುರುಮಾಡಿದ್ದೆವು. ತಿಂಗಳೊಪ್ಪತ್ತಿನಲ್ಲಿ ಅವಳು ನಮ್ಮ ಇಕ್ಕಟ್ಟಿನ ಓಣಿಗೆ ಹಿಮ್ಮುಖವಾಗಿ ಒಂದೇ ಸಲಕ್ಕೆ ಗಾಡಿ ತರತೊಡಗಿದಳು. ನಾನು ತಂದರೆ ಎದುರು ಮನೆಯವರು ಹೊರಗೆ ಬಂದು ತಮ್ಮ ಗೇಟಿನ ಪಕ್ಕ ನಿಲ್ಲುತ್ತಿದ್ದರು. ಒಮ್ಮೆ ನನ್ನ ಕಾಲು ಉಳುಕಿದ್ದಾಗ ಅವಳೇ ಸಿದ್ದಾಪುರಕ್ಕೆ ಕರೆದೊಯ್ದಳು. ಹೊರಡುವಾಗ "ಹತ್ತೂ ಕಾಲಿಗೆ ಬಸ್ ಸ್ಟ್ಯಾಂಡಲ್ಲಿ ಇರ್ತೆ" ಎಂದಿದ್ದಳು. ಇದ್ದಳು, ಹತ್ತೂ ಕಾಲಿಗೆ. ದಾರಿಯುದ್ದಕ್ಕೂ ಒಂದು ಬ್ರೇಕೂ ಜೋರಾಗಿ ಬಿದ್ದ ನೆನಪಿಲ್ಲ. ಅವಳು ಸ್ಟೇರಿಂಗ್ ಹಿಡಿದಾಗ ಮುಖದಲ್ಲಿ ಒಂದು ಬಗೆಯ ಶಾಂತಿ ಇರುತ್ತಿತ್ತು. ನಾನದನ್ನು ನೋಡಿದ್ದೆ. ನೋಡಿಯೂ ಏನೂ ಅಂದುಕೊಂಡಿರಲಿಲ್ಲ.

ಇನ್ನು ಗಜಾನನ ಭಾವ. ನನ್ನ ಅಕ್ಕನ ಗಂಡ, ಸೊಸೈಟಿಯಲ್ಲಿ ಗುಮಾಸ್ತೆ. ಸ್ಕೂಟರ್ ಬಿಟ್ಟು ಬೇರೆ ಯಾವ ವಾಹನವನ್ನೂ ಅವನು ಹೊಂದಿದವನಲ್ಲ. ಆದರೆ ಹುಬ್ಬಳ್ಳಿಯಿಂದ ಬರುವ ಕಾರುಗಳ ಪತ್ರಿಕೆಯೊಂದನ್ನು ತಪ್ಪದೇ ತರಿಸಿ ಓದುತ್ತಿದ್ದುದರಿಂದ, ಶಿರಸಿಯಲ್ಲಿ ಯಾರೇ ಕಾರು ಕೊಳ್ಳಲಿ, ಮಾರಲಿ, ಭಾವನ ಮಾತಾಗದೆ ಮುಂದೆ ಹೋಗುತ್ತಿರಲಿಲ್ಲ. ಅವನು ಬಾನೆಟ್ ಎತ್ತಿ ಒಳಗೆ ನೋಡಿ "ಹೂಂ" ಅನ್ನುತ್ತಿದ್ದ. ಆ ಹೂಂಕಾರದಲ್ಲಿ ಏನು ಕಂಡಿತು ಎಂದು ಕೇಳುವ ಎದೆಗಾರಿಕೆ ಯಾರಿಗೂ ಇರಲಿಲ್ಲ.

ರ‍್ಯಾಲಿಯಲ್ಲಿ ನಾಲ್ಕು ವಿಭಾಗ: ಎಂಟುನೂರರ ಪೆಟ್ರೋಲ್, ಅದಕ್ಕಿಂತ ದೊಡ್ಡ ಪೆಟ್ರೋಲ್, ಡೀಸೆಲ್ ಕಾರು, ಜೀಪು. ವಿಭಾಗಕ್ಕೊಂದು ಬೆಳ್ಳಿ ಬಣ್ಣದ ಕಪ್. ಹೆಸರು ಕೊಟ್ಟವರ ಪಟ್ಟಿಯನ್ನು ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಹೋಟೆಲಿನ ಗೋಡೆಗೆ ಹಚ್ಚಿದ್ದರು. ಆ ದಿನಗಳಲ್ಲಿ ಆ ಹೋಟೆಲಿನ ಚಾ ವ್ಯಾಪಾರ ಏರಿದಷ್ಟು ಯಾರ ಗಾಡಿಯ ವೇಗವೂ ಏರಲಿಲ್ಲ. ಎಂಟುನೂರರ ಕೆಳಗೆ ಹನ್ನೊಂದು ಹೆಸರು. ಡೀಸೆಲ್ ಕೆಳಗೆ ಎರಡೇ.

ಭಾವ ಪಟ್ಟಿಯನ್ನು ಬಹಳ ಹೊತ್ತು ನೋಡಿ "ಹೂಂ" ಎಂದ. ಆಮೇಲೆ ನನ್ನನ್ನು ಮೂಲೆಗೆ ಎಳೆದ.

"ಎಂತಕ್ಕೆ ಹೆದ್ರದು ಮಾರಾಯ? ಗೆಲ್ಲಲೆ ಗಾಡಿ ಓಡ್ಸಲೆ ಬರವು ಹೇಳಿ ಇಲ್ಲೆ. ವಿಭಾಗ ನೋಡ್ಕಂಡು ಸೇರವು. ಡೀಸೆಲ್‌ನಲ್ಲಿ ಎರಡೇ ಇದ್ದು. ಕೊನೇಲಿ ಬಂದ್ರೂ ಮೂರನೇ ಸ್ಥಾನ, ಪೇಪರ್‌ನಲ್ಲಿ ಬತ್ತು. ಯಾರ ಹತ್ರನೂ ಹೇಳಡ."

ನೀವೇ ಹೇಳಿ, ಇಂಥ ಬುದ್ಧಿಗೆ ಎದುರು ನಿಲ್ಲುವುದು ಹೇಗೆ? ಹೆಚ್ಚು ಖರ್ಚಿಲ್ಲದೆ ಸಿಗುವ ಡೀಸೆಲ್ ಕಾರನ್ನು ಹುಡುಕುತ್ತಾ ನಾವು ಕಿರವತ್ತಿಯವರೆಗೂ ಹೋದೆವು. ಅಲ್ಲಿ ಒಂದು ಧಾಬಾದ ಹಿಂದೆ ಮದುವೆ ದಿಬ್ಬಣಗಳಿಗೆ ಓಡಿ ಸುಸ್ತಾದ ಒಂದು ಭಾರೀ ಕಾರು ನಿಂತಿತ್ತು. ಆಮೇಲೆ ಯಾರೋ ಡೀಸೆಲ್ ಎಂಜಿನ್ ಕೂರಿಸಿದ್ದು. ಒಳಗೆ ಬಾಡಿದ ಸೇವಂತಿಗೆಯ ವಾಸನೆ. ಮಾಲೀಕರು ಧಾರವಾಡ ಕಡೆಯವರು, ಮಾತು ನೇರ.

"ತಗೋರಿ ಸರ, ಗಾಡಿ ಅಂದ್ರ ಗಾಡಿ. ಏರಿ ಹತ್ತೂದಿಲ್ಲ ಅನ್ನೂ ಮಾತೇ ಇಲ್ಲ. ಸ್ವಲ್ಪ ಟೈಮ್ ತಗೋತೈತಿ, ಅಷ್ಟ."

ರೇಸಿಗೆ ಕಾರು ಕೊಳ್ಳುವವರು ಈ ಕೊನೆಯ ವಾಕ್ಯವನ್ನು ಸ್ವಲ್ಪ ಗಮನಿಸಬೇಕಿತ್ತು. ಭಾವ ಬಾನೆಟ್ ಎತ್ತಿ "ಹೂಂ" ಎಂದ. ವ್ಯವಹಾರ ಮುಗಿಯಿತು.

ಎರಡು ಕಾರು ಇಟ್ಟುಕೊಳ್ಳುವ ತಾಕತ್ತು ನಮಗಿರಲಿಲ್ಲ. ಎಂಟುನೂರನ್ನು ಯಲ್ಲಾಪುರದ ಒಬ್ಬ ನಿವೃತ್ತ ಮಾಸ್ತರರಿಗೆ ಕೊಡುವುದೆಂದಾಯಿತು. ಅವರು ಬರುವ ಹಿಂದಿನ ದಿನ ವತ್ಸಲಾ ಒಂದೇ ಒಂದು ಸಲ ಕೇಳಿದಳು. ಚಪಾತಿ ಲಟ್ಟಿಸುತ್ತಿದ್ದವಳು ಕೈ ನಿಲ್ಲಿಸಿ ಕೇಳಿದಳು.

"ಎರಡು ವಾರ ತಡೆದು ಕೊಟ್ರೆ ಆಗ್ತಿಲ್ಯ? ಎಂಟುನೂರಲ್ಲಿ ಆನು ಹೋಗ್ತೆ."

"ಅದ್ರಲ್ಲಿ ಹನ್ನೊಂದು ಗಾಡಿ ಇದ್ದು," ಎಂದೆ. "ನಿಂಗೆಂತಕ್ಕೆ ಈ ಉಸಾಬರಿ?"

ಅವಳು ಮತ್ತೆ ಲಟ್ಟಿಸತೊಡಗಿದಳು. ಮಾರನೆಯ ದಿನ ಮಾಸ್ತರರು ಬಂದು, ಹೊಸ ಸೊಸೆಯನ್ನು ಕರೆದೊಯ್ಯುವಷ್ಟು ಜೋಪಾನವಾಗಿ ಕಾರನ್ನು ಕರೆದೊಯ್ದರು. ವತ್ಸಲಾ ಒಳಗಿದ್ದಳು.

ರ‍್ಯಾಲಿಯ ದಿನ ಬೆಳಿಗ್ಗೆ ಮೈದಾನಕ್ಕೆ ಹೋಗಿ ನೋಡಿದರೆ ನಮ್ಮ ವಿಭಾಗದ ಸಾಲು ಮುಗಿಯುವಂತೆಯೇ ಕಾಣಲಿಲ್ಲ. ಹದಿನಾಲ್ಕು ಡೀಸೆಲ್ ಕಾರು! ಆ ಹೋಟೆಲಿನಲ್ಲಿ ಚಾ ಕುಡಿದ ಪ್ರತಿಯೊಬ್ಬನೂ ಡೀಸೆಲ್‌ನಲ್ಲಿ ಎರಡೇ ಇದೆ ಎಂದು ಲೆಕ್ಕ ಹಾಕಿ, ಯಾರಿಗೂ ಹೇಳದೆ, ಕೊನೆಯ ದಿನ ಹೋಗಿ ಹೆಸರು ಬದಲಿಸಿ ಬಂದಿದ್ದ. ಮಾವನ ಮನೆಯಿಂದ, ಬಾಡಿಗೆ ಗಾಡಿಯವರಿಂದ ಎರವಲು ತಂದವರಿದ್ದರು. ಒಬ್ಬೊಬ್ಬರಾಗಿ ಪರಸ್ಪರ ನೋಡಿ "ಓ, ನೀನೂವಾ?" ಎಂದು ಹಲ್ಲು ಕಿರಿದೆವು. ನಮ್ಮವರಷ್ಟು ಜಾಣರು ಬೇರೆಲ್ಲೂ ಸಿಗಲಾರರು. ಹನ್ನೆರಡು ಮಂದಿಗೂ ಒಂದೇ ದಿನ ಒಂದೇ ಜಾಣತನ ಹೊಳೆಯುವುದು ಸಣ್ಣ ಮಾತಲ್ಲ.

ಸ್ಪರ್ಧೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಮಾನದ ಪ್ರಶ್ನೆ. ಸಿದ್ದಾಪುರದವರೆಗೆ ಹೆಚ್ಚು ಇಳಿಜಾರು ಸಿಕ್ಕಿದ್ದಕ್ಕೋ ಏನೋ, ಹೇಳಿದ್ದಕ್ಕಿಂತ ಹನ್ನೆರಡು ನಿಮಿಷ ಬೇಗ ತಲುಪಿ ಕೈಯೆತ್ತಿ ಕೂಗಿದೆವು. ತಪಾಸಣೆಯ ಮೇಜಿನಲ್ಲಿದ್ದವನು ನಮ್ಮನ್ನು ಮರುಕದಿಂದ ನೋಡಿ ಹನ್ನೆರಡು ಅಂಕ ಕಳೆದ. ಅಲ್ಲಿಂದ ದೊಡ್ಮನೆಗೆ. ಅಲ್ಲಿ ರಸ್ತೆಗೆ ತಾಗಿದಂತೆ ಭಾವನ ದೊಡ್ಡಪ್ಪನ ಮನೆ.

"ಸೀದಾ ಹೋಪನ," ಎಂದೆ ನಾನು.

"ಬಾಗಿಲೆದುರೇ ಹೋಗಿ ಒಳಗೆ ಕಾಲಿಡ್ದಿಲ್ಲೆ ಅಂದ್ರೆ ನಾಳೆ ಮುಖ ತೋರ್ಸಲೆ ಆಗ್ತಿಲ್ಲೆ," ಎಂದ ಭಾವ. ಅಷ್ಟರಲ್ಲಿ ದೊಡ್ಡಪ್ಪನೇ ರಸ್ತೆಗೆ ಬಂದು ಕೈ ಅಡ್ಡ ಹಿಡಿದಿದ್ದರು. "ಎಂತ ತಮ್ಮ, ಹೊರಗಿಂದ ಹೊರಗೇ ಹೋಪದಾ? ಆಸರಿಗೆ ಕುಡ್ಕಂಡು ಹೋಗಿ."

ಬಂದವರಿಗೆ ಮೊದಲು ಕುಡಿಯಲು ಕೊಡುವ ಈ ‘ಆಸರಿಗೆ’ ಬೇಡವೆಂದರೆ ನಮ್ಮಲ್ಲಿ ಅದು ಜಗಳಕ್ಕೆ ಸಮ. ಒಳಗೆ ಹೋದರೆ ಜಗಲಿಯ ಮೇಲೆ ಆಗಲೇ ಮೂವರು ಸ್ಪರ್ಧಿಗಳು ಮುರುಗಲು ಪಾನಕದ ಲೋಟ ಹಿಡಿದು ಕೂತಿದ್ದಾರೆ! ಒಬ್ಬ ಸೊಸೆಯ ಕಡೆಯಿಂದ ನೆಂಟ, ಇನ್ನೊಬ್ಬ ಪುರೋಹಿತರ ಮಗ, ಮೂರನೆಯವನು ನೆಂಟನಲ್ಲದಿದ್ದರೂ ಪರಿಚಯ ತಪ್ಪುವಂತಿಲ್ಲ. ಪಾನಕವಾಯಿತು, ಕವಳದ ತಟ್ಟೆ ಬಂತು. ಎಲೆಗೆ ಸುಣ್ಣ ಹಚ್ಚುತ್ತಾ ಎಲ್ಲರೂ ಗಡಿಯಾರ ನೋಡಿಕೊಂಡೆವು. ಮೊದಲು ಎದ್ದವನು ಮರ್ಯಾದೆಗೆಟ್ಟವನಾಗುತ್ತಾನೆಂದು ಯಾರೂ ಏಳಲಿಲ್ಲ. ಕೊನೆಗೆ ದೊಡ್ಡಪ್ಪನಿಗೇ ಸಾಕಾಗಿ "ಹಂಗಾದ್ರೆ ಹೊರಡ್ತ್ರ?" ಎಂದಾಗ ನಾಲ್ಕು ಗಾಡಿಯೂ ಒಟ್ಟಿಗೇ ಸ್ಟಾರ್ಟ್ ಆದವು.

ಯಲ್ಲಾಪುರ ಪೇಟೆ ದಾಟುವಾಗ ಮಾಸ್ತರರ ಮನೆ ಕಂಡಿತು. ಅಂಗಳದಲ್ಲಿ ನಮ್ಮ ಎಂಟುನೂರು, ಧೂಳು ತಾಗಬಾರದೆಂದು ಹೂವಿನ ಚಿತ್ರದ ಹಾಸಿಗೆ ಬಟ್ಟೆ ಹೊದ್ದು ನಿಂತಿತ್ತು. ಮಾಸ್ತರರು ನಮಗೆ ಕೈ ಬೀಸಿದರು. ರ‍್ಯಾಲಿ ಹಿಂದಿರುಗಬೇಕಿದ್ದ ಜಾಗವೆಂದರೆ ಕಿರವತ್ತಿ; ಅಲ್ಲಿ ಆ ಧಾಬಾದ ಎದುರು ಗಾಡಿ ತಿರುಗಿಸುವಾಗ ಅದರ ಹಳೇ ಮಾಲೀಕರು ಹೊರಗೆ ಬಂದು, "ಇನ್ನೂ ಹೊಂಟೈತೇನ್ರಿ!" ಎಂದು ನಿಜವಾದ ಆಶ್ಚರ್ಯದಿಂದ ಕೇಳಿದರು.

ಹದಿನಾಲ್ಕರಲ್ಲಿ ನಾವು ಹನ್ನೊಂದನೆಯವರು.

ಸಂಜೆ ಮೈದಾನದಲ್ಲಿ ಬಹುಮಾನ ವಿತರಣೆ. ವತ್ಸಲಾ ಶಾಲೆ ಮುಗಿಸಿ ಬಂದು ಎರಡನೇ ಸಾಲಿನ ಕುರ್ಚಿಯಲ್ಲಿ ಕೂತಿದ್ದಳು. ವೇದಿಕೆಯ ಮೇಜಿನ ಮೇಲೆ ನಾಲ್ಕು ಕಪ್. ಜೀಪಿನದು ಹೋಯಿತು, ದೊಡ್ಡ ಪೆಟ್ರೋಲಿನದು ಹೋಯಿತು, ನಮ್ಮದು ಯಾರೋ ಒಯ್ದರು. ಒಂದು ಉಳಿಯಿತು. ಮೈಕು ಹಿಡಿದವರು ಕಾಗದ ಮಗುಚಿ ನೋಡಿ, ಪಕ್ಕದವರನ್ನು ಕೇಳಿ, ಮತ್ತೆ ಮಗುಚಿ ಹೇಳಿದರು: "ಎಂಟುನೂರು ಸಿಸಿ ವಿಭಾಗದಲ್ಲಿ... ಸ್ಪರ್ಧಿಗಳು ಯಾರೂ ಇಲ್ಲದ ಕಾರಣ... ಬಹುಮಾನ ಇರುವುದಿಲ್ಲ."

ಹನ್ನೊಂದರಲ್ಲಿ ಅರ್ಧ ಜನ ಡೀಸೆಲ್‌ಗೆ ಹಾರಿದ್ದರು. ಉಳಿದರ್ಧ, ಹನ್ನೊಂದು ಹೆಸರು ನೋಡಿಯೇ ಹೆದರಿ ಹಿಂದೆ ಸರಿದಿದ್ದರು. ಜನ ರೂಢಿಯ ಮೇಲೆ ಈ ಘೋಷಣೆಗೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಆಮೇಲೆ ವತ್ಸಲಾಳ ಕಡೆ ತಿರುಗಿದೆ. ಅವಳು ತಟ್ಟುತ್ತಿರಲಿಲ್ಲ. ಸಂಘಟಕನೊಬ್ಬ ಆ ಕಪ್ಪನ್ನು ಪೇಪರಿನಲ್ಲಿ ಸುತ್ತಿ ರಟ್ಟಿನ ಪೆಟ್ಟಿಗೆಗೆ ಹಾಕಿ ಮುಚ್ಚುವವರೆಗೂ ನೋಡುತ್ತಿದ್ದಳು. ದಿನವಿಡೀ ಸಮಯಕ್ಕೆ ಸರಿಯಾಗಿ ಗಾಡಿ ಓಡಿಸಿ ಬಂದಿದ್ದರೆ ಸಾಕಿತ್ತು. ಅದು ಅವಳಿಗೆ ಚಪಾತಿ ಲಟ್ಟಿಸಿದಷ್ಟೇ ಸುಲಭವಿತ್ತು.

ಮನೆಗೆ ಬರುವಾಗ ದಾರಿಯಲ್ಲಿ ಭಾವ ಮುಂದಿನ ವರ್ಷ ಯಾವ ವಿಭಾಗ ಎಂದು ಹೇಳುತ್ತಲೇ ಇದ್ದ. ಅವನು ಇಳಿದ ಮೇಲೆ ಹಿಂದಿನ ಸೀಟಿನಿಂದ ವತ್ಸಲಾ ಇಷ್ಟೇ ಅಂದಳು: "ಆನು ಕೇಳಿದ್ದೆ."

ಮುಂದಿನ ವರ್ಷ ರ‍್ಯಾಲಿ ನಡೆಯಲಿಲ್ಲ, ಸಂಘಟಕರೊಳಗೇ ಜಗಳವಾಯಿತು. ಆ ದಿಬ್ಬಣದ ಕಾರನ್ನು ನಾನು ಆರೇಳು ವರ್ಷ ಓಡಿಸಿದೆ. ಸ್ಟೇರಿಂಗ್ ಬಿಗಿ, ಹೆಂಗಸರಿಗೆ ಆಗುವುದಲ್ಲ ಎಂದು ನಾನೇ ತೀರ್ಮಾನ ಕೊಟ್ಟೆ. ವತ್ಸಲಾ ಬಸ್ಸಿನಲ್ಲಿ ಶಾಲೆಗೆ ಹೋದಳು. ಮುಂದೆ ಮತ್ತೊಂದು ಚಿಕ್ಕ ಕಾರು ಬಂದಾಗ ಕೀಲಿ ಕೊಡಲು ಹೋದರೆ "ರೂಢಿ ತಪ್ಪಿತು" ಎಂದು ತೆಗೆದುಕೊಳ್ಳಲಿಲ್ಲ. ಇತ್ತ ನಾನು ಎಷ್ಟು ಮದುವೆ, ಉಪನಯನಗಳ ಪಂಕ್ತಿಯಲ್ಲಿ ಈ ಹದಿನಾಲ್ಕು ಡೀಸೆಲ್‌ಗಳ ಕಥೆ ಹೇಳಿ ಜನರನ್ನು ನಗಿಸಿದ್ದೇನೆ! ಜಗಲಿಯ ಪಾನಕಕ್ಕೆ ಬಂದಾಗ ನಗು ತಪ್ಪಿದ್ದೇ ಇಲ್ಲ. ಕಥೆಯನ್ನು ಅಲ್ಲಿಗೇ ನಿಲ್ಲಿಸುತ್ತಿದ್ದೆ. ಉಳಿದ ಕಪ್ಪಿನ ಸುದ್ದಿಯನ್ನು ಈವರೆಗೆ ಯಾರ ಹತ್ತಿರವೂ ಎತ್ತಿರಲಿಲ್ಲ. ನನಗೆ ನಾಚಿಕೆ. ಅದೂ ಅವಳನ್ನು ತಡೆದದ್ದಕ್ಕಿಂತ, ತಡೆದೆ ಎಂಬುದೇ ನನಗೆ ಹೊಳೆಯದಿದ್ದುದಕ್ಕೆ.

ಈ ಸಲ ಪೂರ್ತಿ ಬರೆದೆ. ನಾನು ಏನೇ ಬರೆದರೂ ಮೊದಲು ಓದುವವಳು ವತ್ಸಲಾ, ಕಾಗುಣಿತ ತಿದ್ದಿ ಕೊಡುತ್ತಾಳೆ. ನಿನ್ನೆ ಮಧ್ಯಾಹ್ನ ಕೊಟ್ಟೆ. ಓದುತ್ತಾ ದೊಡ್ಮನೆಯ ಹತ್ತಿರ ಅವಳೂ ನಕ್ಕಳು, ಅದನ್ನು ಕೇಳಿ ನನಗೆ ಸಮಾಧಾನವಾಯಿತು. ಸಂಜೆ ಹಾಳೆಗಳನ್ನು ಮೇಜಿನ ಮೇಲಿಟ್ಟು ಹಾಲು ತರಲು ಹೋದಳು. ನಾಲ್ಕೈದು ಒತ್ತಕ್ಷರ ಸರಿಮಾಡಿದ್ದಳು. ಬೇರೆ ಯಾವ ಮಾತನ್ನೂ ಮುಟ್ಟಿರಲಿಲ್ಲ, ಒಂದು ಜಾಗ ಬಿಟ್ಟು. ‘ಒಂದೇ ಒಂದು ಸಲ ಕೇಳಿದಳು’ ಎಂಬಲ್ಲಿ ‘ಒಂದೇ ಒಂದು’ ಎಂಬುದರ ಕೆಳಗೆ ಕೆಂಪು ಗೆರೆ ಎಳೆದು, ಬದಿಯಲ್ಲಿ ಮಕ್ಕಳ ನೋಟ್ ಬುಕ್ಕಿನಲ್ಲಿ ಬರೆಯುವ ದುಂಡಕ್ಷರದಲ್ಲಿ ‘ಮೂರು’ ಎಂದು ಬರೆದಿದ್ದಳು.

ಚಪಾತಿಯ ದಿನದ್ದು ಒಂದು. ಇನ್ನೆರಡು ಸಲ ಯಾವಾಗ ಕೇಳಿದಳು, ನಾನು ಏನೆಂದೆ ಎಂದು ನಿನ್ನೆಯಿಂದ ತಲೆ ಕೆರೆದುಕೊಳ್ಳುತ್ತಿದ್ದೇನೆ, ನೆನಪಾಗುತ್ತಿಲ್ಲ. ಅವಳನ್ನು ಕೇಳಿದರೆ ದಿನ, ಹೊತ್ತು ಸಮೇತ ಹೇಳುತ್ತಾಳೆ. ಅಡುಗೆಮನೆಯಲ್ಲೇ ಇದ್ದಾಳೆ. ಈ ಸಾಲು ಮುಗಿಸಿ ಎದ್ದು ಹೋಗಿ ಕೇಳುತ್ತೇನೆ.