ಮೇಷ್ಟ್ರು ಬಿಟ್ಟ ಗೆರೆ

ಚಂದ್ರಪ್ಪ ಮೇಷ್ಟ್ರು ಕಂಪ್ಯೂಟರಿನ ಪರದೆಯನ್ನು ತೋರುಬೆರಳಿನಿಂದ ಓದುತ್ತಿದ್ದರು. ಅದೂ ಹುರಿದ ಕಡಲೆಕಾಯಿ ತಿಂದ ಬೆರಳು. ಮಧುಗಿರಿ ಬಸ್ ಸ್ಟ್ಯಾಂಡಿನ ಹಿಂದಿದ್ದ ನಮ್ಮ ಆಫೀಸಿನಲ್ಲಿ ಅವರ ಪರದೆಯೊಂದನ್ನು ಮಾತ್ರ ದಿನಾ ಒರೆಸಬೇಕಿತ್ತು. ಒರೆಸುವವಳು ನಾನೇ.

ನಮ್ಮ ಕೆಲಸ ಇಷ್ಟು: ಹಳೆಯ ವಿಜ್ಞಾನ ಪತ್ರಿಕೆಗಳ ಪುಟಗಳನ್ನು ಸ್ಕ್ಯಾನ್ ಮಾಡಿ ಕಳಿಸುತ್ತಾರೆ. ಅವುಗಳಲ್ಲಿ ಅಚ್ಚಾಗಿರುವ ಅಣುಗಳ ಚಿತ್ರಗಳನ್ನು, ಆ ಆರು ಮೂಲೆಯ ಉಂಗುರ, ಒಂಟಿಗೆರೆ, ಜೋಡಿಗೆರೆಗಳನ್ನು, ಕಂಪ್ಯೂಟರೇ ನೋಡಿ ಗುರುತಿಸಿ, ಮುಂದೆ ಯಾರಾದರೂ ಹುಡುಕಿದರೆ ಸಿಗುವಂತೆ ಬರೆದಿಡುತ್ತದೆ. ಅದು ಓದಿದ್ದು ಸರಿಯೇ ಎಂದು ನಾವು ಪುಟದ ಜೊತೆ ತಾಳೆ ನೋಡಬೇಕು. ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡಿ ರಿಟೈರಾಗಿದ್ದ ಮೇಷ್ಟ್ರು ಮಿಡಿಗೇಶಿಯಿಂದ ಬಸ್ಸಿನಲ್ಲಿ ಬಂದು, ನಾವು ನೋಡಿದ್ದನ್ನು ಮತ್ತೊಮ್ಮೆ ನೋಡುತ್ತಿದ್ದರು.

ಅವರದು ಒಂದೇ ಕಟ್ಟಪ್ಪಣೆ. "ಪೇಪರ್ನಾಗೆ ಹೆಂಗೈತೋ ಅಂಗೇ ಬರೀಬೇಕು ಕಣಮ್ಮ. ಬರ್ದೋನು ತಪ್ಪು ಬರ್ದಿದ್ರೂ ತಿದ್ದಾಕೆ ನೀನ್ಯಾರು? ಪಕ್ಕದಾಗೆ ಅನುಮಾನ ಅಂತ ಹಾಕು, ಅಷ್ಟೇಯ." ಯಾರಾದರೂ ಬುದ್ಧಿವಂತಿಕೆ ತೋರಿಸಿ ಗೆರೆ ಸೇರಿಸಿದರೆ ಅವರ ಗ್ರಹಚಾರ ಬಿಡಿಸುತ್ತಿದ್ದರು. ಕೋಪ ಇಳಿದ ಮೇಲೆ ಕಡಲೆಕಾಯಿ ಕೊಡುತ್ತಿದ್ದರು.

ಅವರಿಗೊಂದು ಆಸೆಯಿತ್ತು. ಪ್ರಾಯದಲ್ಲಿದ್ದಾಗ ತಂಗಡಿ ಗಿಡದ ಬೇರಿನಿಂದ ಒಂದು ಹೊಸ ವಸ್ತು ತೆಗೆದು ಲೇಖನ ಬರೆದಿದ್ದರು. ಅವರ ಹೆಸರಿನಲ್ಲಿರುವುದು ಅದೊಂದೇ. ಆ ಪತ್ರಿಕೆ ನಿಂತುಹೋಗಿ ಬಹಳ ಕಾಲವಾಗಿತ್ತು, ಲೇಖನವನ್ನು ಕೇಳುವವರಿರಲಿಲ್ಲ. "ನಂದೂ ಒಂದಿನ ಬತ್ತೈತೆ, ನೋಡ್ತಿರು. ಆಮೇಕೆ ಜಪಾನ್ನೋನು ಹುಡುಕಿದ್ರೂ ಸಿಗ್ತೀನಿ," ಎನ್ನುತ್ತಿದ್ದರು.

ಒಂದು ದಿನ ಆ ಲೇಖನದ ಪುಟ ಬಂದೇಬಿಟ್ಟಿತು. ಮೇಷ್ಟ್ರು ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತರು. ಕಂಪ್ಯೂಟರ್ ಓದಿದ್ದರಲ್ಲಿ ಒಂದು ಜೋಡಿಗೆರೆಯ ಜಾಗದಲ್ಲಿ ಒಂಟಿಗೆರೆ ಇತ್ತು. "ಥೂ, ಇದಕ್ಕೇನ್ ಕಣ್ಣಿಲ್ವಾ! ನನ್ ಗೆರೆ ನುಂಗ್ಬುಡ್ತು," ಎಂದು ರೇಗಿದರು. ನಾನು ಮೂಲ ಪುಟವನ್ನು ದೊಡ್ಡದು ಮಾಡಿದೆ. ಅಲ್ಲೂ ಒಂಟಿಗೆರೆಯೇ. ಕಂಪ್ಯೂಟರ್ ಸರಿಯಾಗಿ ಓದಿತ್ತು. ಆ ಚಿತ್ರವನ್ನು ಮಸಿಯಲ್ಲಿ ಕೈಯಾರೆ ಬರೆದು ಪತ್ರಿಕೆಗೆ ಕಳಿಸಿದ್ದವರು ಮೇಷ್ಟ್ರೇ. ಅವರ ಬೆರಳು ಆ ಗೆರೆಯ ಮೇಲೆ ಎರಡು ಸಲ ಹೋಗಿ ಬಂದು ನಿಂತಿತು.

ನಾನು ಕೀಬೋರ್ಡಿನ ಮೇಲೆ ಕೈಯಿಟ್ಟೆ. "ಹಾಕ್ಬುಡ್ಲಾ ಸಾ? ಒಂದ್ ಗೆರೆ ತಾನೇ, ಯಾರ್ಗೂ ಗೊತ್ತಾಗಕಿಲ್ಲ," ಎಂದೆ.

"ಬ್ಯಾಡ ಬುಡಮ್ಮ. ಅಲ್ಲಿರಾದು ಒಂದೇಯ."

ಕೀಬೋರ್ಡನ್ನು ತಮ್ಮ ಕಡೆ ಎಳೆದುಕೊಂಡು, ಪಕ್ಕದಲ್ಲಿ 'ಅನುಮಾನ' ಎಂದು ತಾವೇ ಹಾಕಿದರು. ಅವತ್ತು ಕಡಲೆಕಾಯಿ ಪೊಟ್ಟಣ ಬಿಚ್ಚಲಿಲ್ಲ.

ಆ ವರ್ಷದ ಮಳೆಗಾಲದ ಕೊನೆಗೆ ಮೇಷ್ಟ್ರು ತೀರಿಕೊಂಡರು. ಮೊನ್ನೆ ದೂರದ ಲ್ಯಾಬೊಂದರಿಂದ ನಮಗೆ ಮೇಲ್ ಬಂತು. ಹುಡುಕುವಾಗ ಆ ಅನುಮಾನದ ಗುರುತು ಕಂಡು, ತಂಗಡಿ ಬೇರಿನಿಂದ ಅದೇ ವಸ್ತುವನ್ನು ಮತ್ತೆ ತೆಗೆದು ಪರೀಕ್ಷಿಸಿದರಂತೆ. ಅಲ್ಲಿ ಜೋಡಿಗೆರೆಯೇ ಇರಬೇಕಂತೆ. ಅನುಮಾನ ಹಾಕಿದವರ ಜೊತೆ ಮಾತಾಡಬಹುದೇ ಎಂದು ಕೇಳಿದ್ದರು.

ಲೇಖನ ಬರೆದವರೇ ಅನುಮಾನವನ್ನೂ ಹಾಕಿದ್ದು, ಈಗ ಅವರಿಲ್ಲ ಎಂದು ಉತ್ತರ ಬರೆದೆ. ಬರೆಯುವಾಗ ಅಳು ಬಂತು. ಮೇಷ್ಟ್ರು ಇದ್ದಿದ್ದರೆ ಆ ಮೇಲನ್ನು ಸಾಲುಸಾಲಿಗೂ ಬೆರಳಿಟ್ಟು ಓದುತ್ತಿದ್ದರು. ಅವತ್ತು ಮಾತ್ರ ನಾನು ಪರದೆ ಒರೆಸುತ್ತಿರಲಿಲ್ಲ.