ಏಪ್ರಿಲ್‌ಗೆಂದು ಬಿತ್ತಿದ ಆಸ್ಟರ್

ಕತಾರಿನ ಮುಐದರ್‌ನಲ್ಲಿ ನಾವಿದ್ದ ವಿಲ್ಲಾವನ್ನು ನಾಲ್ಕು ಮನೆಗಳಾಗಿ ಒಡೆದಿದ್ದರು. ಪಕ್ಕದ ಭಾಗದಲ್ಲಿದ್ದವರು ಉಡುಪಿ ಕಡೆಯ ಕ್ರಿಶ್ಚಿಯನ್ ದಂಪತಿ. ನಾನು ಅವರನ್ನು ಆಂಟಿ, ಅಂಕಲ್ ಎಂದೇ ಕರೆಯುತ್ತಿದ್ದೆ. ಅಂಕಲ್ ವಾರವಿಡೀ ಅಲ್ ಖೋರ್‌ನ ಕಂಪನಿ ಕ್ವಾರ್ಟರ್ಸ್‌ನಲ್ಲಿದ್ದು, ಗುರುವಾರ ಸಂಜೆ ಕಾರಿನ ಡಿಕ್ಕಿಯಲ್ಲಿ ಒಂದು ಮೂಟೆ ಕುರಿಗೊಬ್ಬರ ಹಾಕಿಕೊಂಡು ಮನೆಗೆ ಬರುತ್ತಿದ್ದರು. ಹಿಂದಿನ ಗೋಡೆಯುದ್ದಕ್ಕೂ ಇದ್ದ ಆರಡಿ ಅಗಲದ ಜಾಗದಲ್ಲಿ ಆಂಟಿ ಹೂ ಬೆಳೆಯುತ್ತಿದ್ದರು. ಮೈಸೂರಿನವಳಾದ ನನಗೆ ಹೂವೆಂದರೆ ಬಿಡಿಸಿ ಕಟ್ಟುವುದು, ಮುಡಿಯುವುದು. ಉದ್ದ ಕಾಂಡದ ಸಮೇತ ಕತ್ತರಿಸಿ ನೀರಲ್ಲಿಡುವುದನ್ನು ಕಲಿತದ್ದು ಆಂಟಿಯಿಂದ.

ಕತಾರಿನಲ್ಲಿ ಹೂವಿಗೆ ಇರುವುದು ಚಳಿಗಾಲವೊಂದೇ. ಅಕ್ಟೋಬರ್‌ನಲ್ಲಿ ಬಿತ್ತಿದ ಸ್ನ್ಯಾಪ್‌ಡ್ರ್ಯಾಗನ್ ಜನವರಿಗೆ ಕೊಯ್ಲಿಗೆ ಬರುತ್ತದೆ. ಉತ್ತರದ ಗಾಳಿಗೆ ಗಿಡ ಮಲಗದಂತೆ ಬಲೆ ಕಟ್ಟಬೇಕು. ಬೇಸಿಗೆಗೆ ಮುಂಚೆ ಬರಬೇಕಾದ ಹೂವಿನ ಯೋಚನೆಯನ್ನೂ ಆಗಲೇ ಮಾಡಬೇಕು. ಆ ವರ್ಷ ಯೋಚನೆಗೆ ಕಾರಣವೂ ಇತ್ತು. ಈಸ್ಟರ್ ಕಳೆದ ಮೇಲೆ, ಏಪ್ರಿಲ್‌ನಲ್ಲಿ, ಅವರ ಮದುವೆಯಾಗಿ ಮೂವತ್ತು ವರ್ಷ ತುಂಬುತ್ತಿತ್ತು. ಅಂದಿನ ಹೂವೆಲ್ಲ ತನ್ನ ಗಿಡದ್ದೇ ಆಗಬೇಕೆಂದು ಆಂಟಿಗೆ ಹಟ.

ಜನವರಿಯ ಒಂದು ಶುಕ್ರವಾರ ಬೆಳಿಗ್ಗೆ, ಸ್ವೆಟರ್ ಹಾಕಿಕೊಂಡು ಹಿತ್ತಲಲ್ಲಿ ಕೂತು ಟ್ರೇಗಳಿಗೆ ಮಣ್ಣು ತುಂಬಿದೆವು.

"ಆಸ್ಟರಿಗೆ ನೂರು ದಿನ ಬೇಕು. ಜೀನಿಯಾಕ್ಕೆ ಎರಡು ತಿಂಗಳು ಸಾಕು. ಎರಡನ್ನೂ ಒಟ್ಟಿಗೆ ಹಾಕಿದ್ರೆ ಒಂದು ಬರುವಾಗ ಇನ್ನೊಂದು ಮುಗಿದಿರ್ತದೆ ಮಾರಾಯ್ತಿ," ಎಂದು ಆಂಟಿ ಕ್ಯಾಲೆಂಡರಿನಲ್ಲಿ ಹಿಂದಕ್ಕೆ ದಿನ ಎಣಿಸಿದರು. ಅಂದು ಬಿತ್ತಿದ್ದು ಬಿಳಿ ಆಸ್ಟರ್ ಮಾತ್ರ.

ಬಲೆಗೆ ಕಂಬ ನೆಡುತ್ತಿದ್ದ ಅಂಕಲ್ ನಕ್ಕರು. "ಎಂತಕ್ಕೆ ಇಷ್ಟು ಕಷ್ಟ? ಎರಡು ಬೊಕೆ ತಂದ್ರೆ ಖಲಾಸ್."

"ನೀವು ಕಂಬ ಹೊಡೀರಿ, ಸಾಕು."

ಮುಂದಿನ ಮಂಗಳವಾರ ನಾನು ಆಫೀಸಿನಲ್ಲಿದ್ದಾಗ ಆಂಟಿಯ ಫೋನ್ ಬಂತು. "ಅವರು ಹೋದ್ರಂತೆ. ಕಂಪನಿ ಬಸ್ಸಿಂದ ಇಳಿಯುವಾಗ ಬಿದ್ರಂತೆ. ನೀನು ಮನೆಗೆ ಬಾ." ಅಷ್ಟೇ ಹೇಳಿ ಇಟ್ಟರು. ನಾನು ತಲುಪಿದಾಗ ಅವರು ಹಿತ್ತಲಲ್ಲಿ ಪೈಪ್ ಹಿಡಿದು ನಿಂತಿದ್ದರು. ನೀರು ಕಾಲ ಬುಡದಲ್ಲೇ ಹರಿಯುತ್ತಿತ್ತು, ಚಪ್ಪಲಿ ಮುಳುಗಿತ್ತು. ನಲ್ಲಿ ನಿಲ್ಲಿಸಿ ಅವರನ್ನು ಒಳಗೆ ಕರೆದುಕೊಂಡು ಬಂದೆ.

ಶವವನ್ನು ಊರಿಗೆ ಕಳಿಸುವ ಕಾಗದಪತ್ರ ಮುಗಿಯಲು ನಾಲ್ಕು ದಿನ ಹಿಡಿಯಿತು. ಐದನೆಯ ದಿನ ಮುಖ ನೋಡಲು ಬಿಡುತ್ತೇವೆ ಎಂದು ಆಸ್ಪತ್ರೆಯವರು ಹೇಳಿದರು. ಬೆಳಕು ಹರಿಯುವ ಹೊತ್ತಿಗೆ ಆಂಟಿ ನನ್ನ ಬಾಗಿಲು ಬಡಿದರು, ಕೈಯಲ್ಲಿ ಎರಡು ಕತ್ತರಿ. ಸ್ನ್ಯಾಪ್‌ಡ್ರ್ಯಾಗನ್ ಒಂದೂ ಬಿಡದೆ ಕೊಯ್ದೆವು. "ಇನ್ನೂ ಕೆಳಗಿಂದ ಕತ್ತರಿಸು, ಕಾಂಡ ಗಿಡ್ಡ ಆಗ್ತದೆ," ಎಂದು ಎಂದಿನಂತೆಯೇ ಹೇಳಿದರು.

ಶವಾಗಾರದಲ್ಲಿ ಪೆಟ್ಟಿಗೆಯ ಮುಚ್ಚಳ ತೆಗೆದಿಟ್ಟಿದ್ದರು. ಆಂಟಿ ಹೂವನ್ನು ಅಂಕಲ್ ಎದೆಯ ಮೇಲೆ ಇಟ್ಟರು. ಅಲ್ಲಿದ್ದ ಕೆಲಸದವನು ಮೆಲ್ಲಗೆ ಹತ್ತಿರ ಬಂದ. "ಮಾಫಿ, ಮೇಡಂ. ವಿಮಾನಕ್ಕೆ ಹೋಗುವ ಪೆಟ್ಟಿಗೆ, ಒಳಗೆ ಹೂ ಇಡುವ ಹಾಗಿಲ್ಲ," ಎಂದು ಹಿಂದಿಯಲ್ಲಿ ಹೇಳಿದ. ಅವನ ದನಿಯಲ್ಲಿ ಒರಟುತನವಿರಲಿಲ್ಲ. ಒಂದೊಂದೇ ಕಾಂಡ ತೆಗೆದು ನನ್ನ ಕೈಗೆ ಕೊಟ್ಟ. ಆಂಟಿ ನೋಡುತ್ತಾ ನಿಂತರು. ಅವರು ಅತ್ತದ್ದನ್ನು ನಾನು ಕಂಡದ್ದು ಆಗ ಮಾತ್ರ.

ಅಂದೇ ಶವದೊಂದಿಗೆ ಅವರೂ ಊರಿಗೆ ಹೊರಟರು. ಅವರ ವೀಸಾ ಇದ್ದದ್ದು ಗಂಡನ ಹೆಸರಿನ ಮೇಲೆ, ಇಲ್ಲಿಗೆ ಮರಳುವ ಮಾತಿರಲಿಲ್ಲ. ಏರ್‌ಪೋರ್ಟಿನಲ್ಲಿ ನನ್ನ ಕೈ ಹಿಡಿದು, "ಟ್ರೇಯಲ್ಲಿ ಮೊಳಕೆ ಬಂದಿರ್ಬಹುದು, ನೋಡು," ಎಂದರು. ನಾನದನ್ನು ನನಗೆ ಒಪ್ಪಿಸಿದ ಕೆಲಸವೆಂದು ತೆಗೆದುಕೊಂಡೆ. ಆಫೀಸಿಗೆ ಹೋಗುವ ಮುಂಚೆ ನೀರು ಹಾಕಿದೆ, ಎಳೆಗಿಡಗಳನ್ನು ಮಡಿಗೆ ಇಳಿಸಿದೆ, ಧೂಳಿನ ಗಾಳಿ ಎದ್ದಾಗ ಹಳೆಯ ಬೆಡ್‌ಶೀಟ್ ಹೊದಿಸಿದೆ. ಆಂಟಿಯ ತಮ್ಮ ಬಂದು ಅವರ ಮನೆ ಖಾಲಿ ಮಾಡಿಕೊಂಡು ಹೋದ ದಿನವೂ ಗೊಬ್ಬರ ಹಾಕುತ್ತಿದ್ದೆ.

ಲೆಕ್ಕ ಹಾಕಿದ್ದ ವಾರಕ್ಕೇ ಆಸ್ಟರ್ ಅರಳಿತು. ಅವರ ಮದುವೆಯ ದಿನ ಬೆಳಿಗ್ಗೆ ಒಂದು ಬಕೆಟ್ ತುಂಬ ಕೊಯ್ದು, ಫೋಟೋ ತೆಗೆದು ಕಳಿಸಿದೆ. ಮಧ್ಯಾಹ್ನ ಫೋನ್ ಬಂತು.

"ಇನ್ನು ಫೋಟೋ ಕಳಿಸ್ಬೇಡ, ಆಯ್ತಾ?" ಎಂದರು ಆಂಟಿ. "ಸಿಟ್ಟಿಲ್ಲ ನಿನ್ನ ಮೇಲೆ. ಈ ದಿನ ಒಮ್ಮೆ ಕಳೆದ್ರೆ ಸಾಕು ಅಂತ ಇದ್ದೆ."

"ತಪ್ಪಾಯ್ತು ಆಂಟಿ."

"ಇಡ್ತೇನೆ."

ಅವರಿಗೆ ಸಮಾಧಾನವಾಗಲಿ ಎಂದು ಕಳಿಸಿದೆ ಅಂದುಕೊಂಡಿದ್ದೆ. ನಿಜವಾಗಿ ನನಗೆ ಬೇಕಿದ್ದದ್ದು, ಚೆನ್ನಾಗಿ ಬೆಳೆಸಿದ್ದೀ ಎಂಬ ಅವರ ಒಂದು ಮಾತು. ಅದು ಹೊಳೆದಾಗ ನಾಚಿಕೆಯಾಯಿತು. ಮತ್ತೆ ಹೂ ಕೊಯ್ಯಲಿಲ್ಲ. ಮೇ ತಿಂಗಳ ಬಿಸಿಲು ಹಿತ್ತಲನ್ನೆಲ್ಲ ಸುಟ್ಟಿತು. ಅದೇ ಬೇಸಿಗೆಯಲ್ಲಿ ನಾವು ಐದನೇ ಮಹಡಿಯ ಫ್ಲ್ಯಾಟಿಗೆ ಹೋದೆವು. ಕ್ರಿಸ್‌ಮಸ್‌ಗೆ ನಾನು ಫೋನ್ ಮಾಡುತ್ತೇನೆ. ಆಂಟಿ ಆರೋಗ್ಯ ಕೇಳುತ್ತಾರೆ, ಆಫೀಸು ಕೇಳುತ್ತಾರೆ, ಬೇಗ ಇಟ್ಟುಬಿಡುತ್ತಾರೆ.