ದಾರಿ ಬಿಡದ ಓಟ

ವರ್ಲಿನ್ ಹಾಕ್ ಹನ್ನೊಂದು ವರ್ಷದಿಂದ ಇಂಡಿಯಾನಾದ ಮಣ್ಣಿನ ಟ್ರ್ಯಾಕುಗಳಲ್ಲಿ ಸುತ್ತುತ್ತಿದ್ದ. ವಾರವಿಡೀ ಟ್ರ್ಯಾಕ್ಟರ್ ರಿಪೇರಿ, ಭಾನುವಾರ ಕಾರ್ ರೇಸು. ಪಕ್ಕೆಲುಬು ಒಮ್ಮೆ, ಮಣಿಕಟ್ಟು ಎರಡು ಸಲ ಮುರಿದಿತ್ತು. ಮಧ್ಯಾಹ್ನದ ಸಣ್ಣ ಓಟಗಳಲ್ಲೇ ಸೋತು ಮನೆಗೆ ಹೋಗುತ್ತಿದ್ದ. ಸಂಜೆಯ ದೊಡ್ಡ ಓಟಕ್ಕೆ ಒಮ್ಮೆಯೂ ಆಯ್ಕೆಯಾಗಿರಲಿಲ್ಲ. ಅಟ್ಟಣಿಗೆಯ ಮೇಲೆ ಕೂತು ಸುತ್ತು ಎಣಿಸುವ ಕೆಲಸ ನನ್ನದಾದ್ದರಿಂದ ಇದನ್ನು ಖಚಿತವಾಗಿ ಹೇಳಬಲ್ಲೆ.

ಸಾವಿರದ ಒಂಬೈನೂರ ಐವತ್ತಮೂರರ ಬೇಸಿಗೆಯಲ್ಲಿ ಅವನಿಗೆ ಓಡಿಸಲು ಕಾರೇ ಇರಲಿಲ್ಲ. ಆಗ ಟ್ರ್ಯಾಕ್ಟರ್ ಮಾರುವ ಎಮಿಲ್ ಬ್ರಾಂಡ್ ಒಂದು ಕಾರು ಕಟ್ಟಿಸಿ, ಅಂಗಡಿಯಲ್ಲಿ ಉಳಿದಿದ್ದ ಹಸಿರು ಬಣ್ಣ ಬಳಿಸಿದ. ನಮ್ಮ ಓಟಗಾರರಿಗೆ ಹಸಿರೆಂದರೆ ಸಾವು. ಹಸಿರು ಅಂಗಿ ತೊಟ್ಟವರನ್ನೂ ಅವರು ಕಾರಿನ ಹತ್ತಿರ ಬಿಡುತ್ತಿರಲಿಲ್ಲ. ಯಾರೂ ಆ ಕಾರು ಹತ್ತಲಿಲ್ಲ. ವರ್ಲಿನ್ ಹತ್ತಿದ.

"ಏನಪ್ಪಾ, ಶವಪೆಟ್ಟಿಗೆಗೆ ಅಳತೆ ಕೊಟ್ಟು ಬಂದ್ಯಾ?" ಎಂದು ಕೇಳಿದ ರಾಲಿ ಪೆಕ್. ಸುತ್ತಮುತ್ತ ಅವನಷ್ಟು ಗೆದ್ದವರಿರಲಿಲ್ಲ.

"ನಿನ್ನ ಅಳತೇನೇ ಕೊಟ್ಟಿದೀನಿ ಕಣೋ. ಹೊಟ್ಟೆ ಹತ್ರ ಸ್ವಲ್ಪ ಅಗಲ ಮಾಡಿ ಅಂದೆ."

ಆ ಭಾನುವಾರ ವರ್ಲಿನ್ ಮಧ್ಯಾಹ್ನದ ಸಣ್ಣ ಓಟ ದಾಟಿ, ಸಂಜೆ ದೊಡ್ಡ ಓಟದಲ್ಲಿ ಓಡಿ ನಾಲ್ಕನೆಯವನಾದ. ಜನ ಎದ್ದು ಕೂಗಿದರು. ಧೂಳು ಆಚೆಯ ಜೋಳದ ಹೊಲದ ಮೇಲೆ ಇನ್ನೂ ಇಳಿಯುತ್ತಿತ್ತು. ಅವನು ಮುಖದ ಮಣ್ಣನ್ನೂ ಒರೆಸದೆ ಅಟ್ಟಣಿಗೆಯ ಕೆಳಗೆ ಬಂದು ನಿಂತ.

"ಮೇಲಿಂದ ನೋಡ್ತಿದ್ಯಲ್ಲ, ನಿಜ ಹೇಳು. ನಂಗೆ ದಾರಿ ಬಿಟ್ರಾ?"

ಬಿಟ್ಟಿದ್ದರು. ತಿರುವಿನಲ್ಲಿ ಹಸಿರು ಮೂತಿ ಪಕ್ಕಕ್ಕೆ ಬಂದೊಡನೆ ಒಬ್ಬೊಬ್ಬರೂ ದೂರ ಸರಿದಿದ್ದರು, ರಾಲಿ ಕೂಡ. "ಹೂಂ" ಎಂದೆ.

ಮರುದಿನ ಅವನು ಎಮಿಲ್‌ಗೆ ಹೇಳಿದ: "ಬೇರೆ ಬಣ್ಣ ಹೊಡಿಸಿ."

"ತಲೆ ಕೆಟ್ಟಿದ್ಯೇನೋ? ಆ ಬಣ್ಣದಿಂದಾನೇ ನಾಲ್ಕನೇವ್ನಾದೆ!"

"ಅದಕ್ಕೇ. ಹನ್ನೊಂದು ವರ್ಷ ಒದ್ದಾಡಿದ್ದು ಅವರ ಜೊತೆ ಓಡೋಕೆ."

ಎಮಿಲ್ ಗೊಣಗುತ್ತ ಒಪ್ಪಿದ. ವರ್ಲಿನ್ ತಾನೇ ಕೂತು ಕೆಂಪು ಬಳಿದ. ಆಮೇಲೆ ಮೂರು ಭಾನುವಾರ ಮತ್ತೆ ಸಣ್ಣ ಓಟದಲ್ಲೇ ಸೋಲು. ನಾಲ್ಕನೆಯ ಭಾನುವಾರ ಹೇಗೋ ದೊಡ್ಡ ಓಟಕ್ಕೆ ನುಸುಳಿದ. ಹನ್ನೊಂದನೆಯವನಾಗಿ ಮುಗಿಸಿದ. ಕೊನೆಯ ತಿರುವಿನಲ್ಲಿ, ಒಂದು ಸುತ್ತು ಮುಂದಿದ್ದ ರಾಲಿ ಟ್ರ್ಯಾಕಿನ ಒಳಬದಿಯಿಂದ ಉಜ್ಜಿಕೊಂಡು ಬಂದು ಅವನನ್ನು ಬೇಲಿಯವರೆಗೆ ತಳ್ಳಿದ್ದ. ಕೆಂಪು ಬಣ್ಣದ ಮೇಲೆ ತೋಳುದ್ದ ಕಪ್ಪು ಟಯರ್ ಗುರುತು ಬಿದ್ದಿತ್ತು. ಹೆಂಡತಿ ಲಿಯೋನಾ ಒದ್ದೆ ಬಟ್ಟೆ ತಂದಳು.

"ಒರೆಸ್ಬೇಡ, ಇರ್ಲಿ," ಎಂದ ವರ್ಲಿನ್.

ರಾಲಿ ಹಾದುಹೋಗುತ್ತ ಬೈದ: "ಅಡ್ಡ ಬರ್ತೀಯೇನೋ? ಮುಂದಿನ ವಾರ ಬೇಲಿ ಆಚೆಗೇ ಎಸೀತೀನಿ!"

"ಬಾರೋ," ಎಂದ ವರ್ಲಿನ್. ಅವನು ನಗುತ್ತಿದ್ದುದನ್ನು ನಾನು ಕಂಡದ್ದು ಅಂದೇ ಮೊದಲು.